ಬೇಡ ಎಂದಿತೋ, ಬಿದ್ದುಹೋಯಿತೋ: ಕರೆಯ ದಾರಿಯಲ್ಲಿ ಅಪ್ಲಿಕೇಶನ್‌ಗಳ ಉತ್ತರ ಮತ್ತು ದೋಷ

(ಟೆಲಿಕಾಂ ಕೋರ್ ಜಾಲದಲ್ಲಿ ಕೆಲಸ ಮಾಡುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ವೋಲ್ಟಿಇ (4ಜಿ ಡೇಟಾ ಜಾಲದ ಮೇಲೆ ಮಾತಿನ ಕರೆ) ಫೋನಿನಲ್ಲಿ ನಂಬರ್ ಒತ್ತಿದ ಕೂಡಲೇ ಕರೆ ನೇರವಾಗಿ ಆ ಕಡೆಯ ಫೋನಿಗೆ ಹೋಗುವುದಿಲ್ಲ. ಇಂಥ ಕರೆಗಳನ್ನು ನಡೆಸುವ ಐಎಂಎಸ್ ಜಾಲದ ನಡುವೆ ಕೂತಿರುವ ಎಸ್-ಸಿಎಸ್‌ಸಿಎಫ್ ಎಂಬ ನಿಯಂತ್ರಕ ಸರ್ವರ್ ಆ ಕರೆಯ ಇನ್ವೈಟನ್ನು (ಕರೆ ಜೋಡಿಸುವ ಸಿಪ್ ಪ್ರೋಟೊಕಾಲಿನ ಮೊದಲ ಸಂದೇಶವನ್ನು) ಒಂದಾದ ಮೇಲೊಂದರಂತೆ ಅಪ್ಲಿಕೇಶನ್ ಸರ್ವರ್‌ಗಳಿಗೆ ಕಳಿಸುತ್ತದೆ. ಪ್ರೀಪೇಯ್ಡ್ ಖಾತೆಯಲ್ಲಿ ಹಣವಿದೆಯೇ, ಒತ್ತಿದ್ದು ಕಚೇರಿಯ ನಾಲ್ಕಂಕಿ ಎಕ್ಸ್‌ಟೆನ್ಶನ್ ನಂಬರೇ, ಕರೆ ಮಾಡಿದವರ ನಂಬರ್ ಮರೆಮಾಡಬೇಕೇ, ಆ ಕಡೆಯವರು ಕಾಲ್ ಫಾರ್ವರ್ಡ್ ಇಟ್ಟಿದ್ದಾರೆಯೇ, ಕಾಲರ್ ಟ್ಯೂನ್ ಹಾಕಿಸಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದು ಅಪ್ಲಿಕೇಶನ್ ಉತ್ತರಿಸುತ್ತದೆ. ಯಾವುದನ್ನು ಯಾವಾಗ ಕೇಳಬೇಕೆಂದು ಚಂದಾದಾರರ ಪ್ರೊಫೈಲಿನಲ್ಲಿರುವ ಐಎಫ್‌ಸಿ ನಿಯಮಗಳು ಹೇಳುತ್ತವೆ. ಆದ್ಯತೆಯ ಸಂಖ್ಯೆ ಚಿಕ್ಕದಾದಷ್ಟೂ ಸರದಿ ಮೊದಲು. ಕೆಲವು ಕಡೆ ಈ ಸರದಿ ನೋಡಿಕೊಳ್ಳಲು ಪ್ರತ್ಯೇಕ ಆರ್ಕೆಸ್ಟ್ರೇಶನ್ ಎಂಜಿನ್ ಇರುತ್ತದೆ. ಈಗ ಹೇಳುವುದು ಎರಡಕ್ಕೂ ಅನ್ವಯಿಸುತ್ತದೆ; ಸರದಿ ನಡೆಸುವುದು ಯಾವುದೇ ಆಗಲಿ, ಮುಂದೆ ಅದನ್ನು ಎಂಜಿನ್ ಎನ್ನುತ್ತೇವೆ.

ಹೊಸ ಸೇವೆ ಸೇರಿಸುವಾಗ ಸರದಿಯ ಬಗ್ಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ. ಅಪ್ಲಿಕೇಶನ್ ಉತ್ತರಿಸದಿದ್ದರೆ ಏನು ಮಾಡಬೇಕು ಎನ್ನುವ ಕಾಲಂ ಮಾತ್ರ ಡೀಫಾಲ್ಟ್ ಮೌಲ್ಯದಲ್ಲೇ ಉಳಿದುಬಿಡುತ್ತದೆ. ಅದನ್ನು ಪ್ರತಿ ಅಪ್ಲಿಕೇಶನ್‌ಗೂ ಬೇರೆ ಬೇರೆಯಾಗಿ, ಚಂದಾದಾರರಿಗೆ ಆಗುವ ನಷ್ಟ ನೋಡಿ ತೀರ್ಮಾನಿಸಬೇಕು ಎಂಬುದೇ ನಮ್ಮ ವಾದ.

ಎರಡು ಬಗೆಯ ‘ಇಲ್ಲ’

ಅಪ್ಲಿಕೇಶನ್‌ನಿಂದ ಬರುವ ನಕಾರಾತ್ಮಕ ಉತ್ತರಗಳಲ್ಲಿ ಎರಡು ಜಾತಿ. ಸಿಪ್ ಉತ್ತರಗಳು ಮೂರಂಕಿಯ ಕೋಡ್‌ಗಳಾಗಿ ಬರುತ್ತವೆ. ಒಂದು, ಅಪ್ಲಿಕೇಶನ್ ಸರಿಯಾಗಿಯೇ ಕೆಲಸ ಮಾಡಿ ‘ಈ ಕರೆ ಬೇಡ’ ಎಂದು ತೀರ್ಮಾನಿಸಿದ್ದು: ಹೊರಹೋಗುವ ಕರೆ ನಿರ್ಬಂಧಿಸಿದ್ದರೆ 403, ಆ ಕಡೆಯವರು ಇನ್ನೊಂದು ಕರೆಯಲ್ಲಿದ್ದರೆ 486, ಕರೆಯನ್ನು ನಿರಾಕರಿಸಿದ್ದರೆ 603. ಇನ್ನೊಂದು, ಅಪ್ಲಿಕೇಶನ್‌ಗೇ ತೀರ್ಮಾನಿಸಲು ಆಗದೆ ಹೋದದ್ದು: ಪ್ರೋಗ್ರಾಂ ಕುಸಿದಿದೆ, ಡೇಟಾಬೇಸ್ ಸಿಗುತ್ತಿಲ್ಲ, ಒತ್ತಡ ಮಿತಿಮೀರಿದೆ, ಇಲ್ಲವೇ ಸುಮ್ಮನಿದೆ.

ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿಯ ಟಿಎಸ್ 24.229 ದಾಖಲೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಉತ್ತರವೇ ಬರದಿದ್ದರೆ, ಅಥವಾ 408 (ಸಮಯ ಮೀರಿತು) ಇಲ್ಲವೇ 5ರಿಂದ ಶುರುವಾಗುವ ಕೋಡ್ ಬಂದರೆ ಅದು ವೈಫಲ್ಯ. ಆಗ ಐಎಫ್‌ಸಿಯಲ್ಲಿ ಬರೆದಿಟ್ಟ ಡೀಫಾಲ್ಟ್ ಹ್ಯಾಂಡ್ಲಿಂಗ್ ಜಾರಿಯಾಗುತ್ತದೆ. ಮೌಲ್ಯ 0 ಆಗಿದ್ದರೆ ‘ಸೆಷನ್ ಕಂಟಿನ್ಯೂಡ್’, ಅಂದರೆ ಆ ಅಪ್ಲಿಕೇಶನ್ ಬಿಟ್ಟು ಮುಂದಿನದಕ್ಕೆ ಹೋಗು. 1 ಆಗಿದ್ದರೆ ‘ಸೆಷನ್ ಟರ್ಮಿನೇಟೆಡ್’, ಅಂದರೆ ಕರೆಯನ್ನು ಅಲ್ಲಿಗೇ ಮುಗಿಸು. ಏನೂ ಬರೆಯದೆ ಬಿಟ್ಟರೆ 0 ಎಂದೇ ಅರ್ಥ. ಉಳಿದ ಅಂತಿಮ ಉತ್ತರಗಳೆಲ್ಲ ಅಪ್ಲಿಕೇಶನ್‌ನ ತೀರ್ಮಾನಗಳು. ಅವನ್ನು ಹಾಗೇ ಹಿಂದಕ್ಕೆ ಕಳಿಸಬೇಕು, ಸರದಿಯಲ್ಲಿ ಮುಂದಿನವರನ್ನು ಕೇಳುವ ಹಾಗಿಲ್ಲ.

ಕಾಗದದ ಮೇಲೆ ಇಷ್ಟೇ. ತೊಡಕು ಇರುವುದು ಅಪ್ಲಿಕೇಶನ್ ಬರೆದವರು ಈ ಗೆರೆಯನ್ನು ಪಾಲಿಸದಿದ್ದಾಗ. ಖಾತೆಯಲ್ಲಿ ಹಣ ಮುಗಿದಿದ್ದಕ್ಕೆ 500 ಕೊಡುವ ಪ್ರೀಪೇಯ್ಡ್ ಅಪ್ಲಿಕೇಶನ್ ಇದ್ದು, ಡೀಫಾಲ್ಟ್ ಹ್ಯಾಂಡ್ಲಿಂಗ್ 0 ಆಗಿದ್ದರೆ, ಹಣವಿಲ್ಲದವರ ಕರೆಗಳೆಲ್ಲ ಪುಕ್ಕಟೆಯಾಗಿ ಹೋಗುತ್ತವೆ. ಡೇಟಾಬೇಸ್ ಸಿಗದಿದ್ದಾಗ 403 ಕೊಡುವ ಅಪ್ಲಿಕೇಶನ್ ಇದ್ದರೆ ಉಲ್ಟಾ: ಎಲ್ಲ ಕರೆಗಳೂ ಬೀಳುತ್ತವೆ, ಡೀಫಾಲ್ಟ್ ಹ್ಯಾಂಡ್ಲಿಂಗ್ ಒಮ್ಮೆಯೂ ಎಚ್ಚೆತ್ತುಕೊಳ್ಳುವುದಿಲ್ಲ. ಅದಕ್ಕೇ ಅಪ್ಲಿಕೇಶನ್ ಕೊಡುವ ಕಂಪನಿಯಿಂದ ಯಾವ ಸಂದರ್ಭಕ್ಕೆ ಯಾವ ಕೋಡ್ ಎಂಬ ಪಟ್ಟಿಯನ್ನು ಬರಹದಲ್ಲಿ ಪಡೆಯದೆ ಕಾನ್ಫಿಗರೇಶನ್ ಶುರುಮಾಡಬಾರದು. ಪಟ್ಟಿ ಮಾನದಂಡಕ್ಕೆ ಹೊಂದದಿದ್ದರೆ ಅವರ ಕೈಯಲ್ಲೇ ಸರಿಮಾಡಿಸಿ. ಆಗುವುದೇ ಇಲ್ಲವೆಂದರೆ ಮಾತ್ರ ಎಂಜಿನ್ ಕಡೆ ಕೋಡ್ ಬದಲಿಸುವ ನಿಯಮ ಬರೆಯಿರಿ. ಆ ನಿಯಮ ಕೋಡಿನ ಸಂಖ್ಯೆಯನ್ನೋ ರೀಸನ್ ಹೆಡರಿನ (ಉತ್ತರದಲ್ಲಿ ಕಾರಣ ತಿಳಿಸುವ ಸಾಲಿನ) ಕಾರಣ ಸಂಖ್ಯೆಯನ್ನೋ ನೋಡಲಿ, ಕೋಡಿನ ಪಕ್ಕದ ಇಂಗ್ಲಿಷ್ ವಾಕ್ಯವನ್ನಲ್ಲ. ಆ ವಾಕ್ಯ ಮನುಷ್ಯರು ಓದಲಿಕ್ಕಿರುವುದು, ಮುಂದಿನ ಆವೃತ್ತಿಯಲ್ಲಿ ಒಂದು ಅಕ್ಷರ ಬದಲಾದರೂ ನಿಯಮ ಸದ್ದಿಲ್ಲದೆ ಸತ್ತುಹೋಗುತ್ತದೆ.

ಅದೇ 503, ಆದರೆ ಯಾರದ್ದು?

ಇನ್ನೊಂದು ಗೊಂದಲ ಹೆಚ್ಚು ಸೂಕ್ಷ್ಮವಾದದ್ದು. ಅಪ್ಲಿಕೇಶನ್ ತನ್ನ ಕೆಲಸ ಮುಗಿಸಿ ಇನ್ವೈಟನ್ನು ಎಸ್-ಸಿಎಸ್‌ಸಿಎಫ್‌ಗೆ ಮರಳಿಸಿತು, ಕರೆ ಮುಂದೆ ಹೋಯಿತು, ಆ ಕಡೆಯ ಜಾಲ 503 (ಸೇವೆ ಸದ್ಯ ಲಭ್ಯವಿಲ್ಲ) ಕೊಟ್ಟಿತು. ಆ 503 ಬಂದ ದಾರಿಯಲ್ಲೇ ಹಿಂದಿರುಗುವಾಗ ಅದೇ ಅಪ್ಲಿಕೇಶನ್ ಮೂಲಕವೇ ಹಾದು ಬರುತ್ತದೆ. ಕೋಡ್ ಮಾತ್ರ ನೋಡುವ ಎಂಜಿನ್ನಿಗೆ ಇದು ಅಪ್ಲಿಕೇಶನ್‌ನದೇ ವೈಫಲ್ಯದಂತೆ ಕಾಣುತ್ತದೆ. ಅದು ಅಪ್ಲಿಕೇಶನ್ ಬಿಟ್ಟು ಕರೆಯನ್ನು ಮತ್ತೊಮ್ಮೆ ಮುಂದೆ ತಳ್ಳುತ್ತದೆ. ಆ ಕಡೆಯ ಜಾಲಕ್ಕೆ ಎರಡೆರಡು ಕರೆ ಹೋಗುತ್ತವೆ, ಅದರಲ್ಲಿ ಎರಡನೆಯದು ಹಣದ ಲೆಕ್ಕವಿಲ್ಲದೆ.

ಇದನ್ನು ಬಿಡಿಸುವ ಗುರುತು ಓಡಿಐ. ಎಸ್-ಸಿಎಸ್‌ಸಿಎಫ್ ಅಪ್ಲಿಕೇಶನ್‌ಗೆ ಕಳಿಸುವ ಇನ್ವೈಟಿನ ರೂಟ್ ಹೆಡರಿನಲ್ಲಿ ಈ ಗುರುತು ಇಡುತ್ತದೆ, ಇನ್ವೈಟ್ ಮರಳಿ ಬಂದಾಗ ಅದರಿಂದಲೇ ಇದು ಹಳೆಯ ಕರೆಯ ಮುಂದುವರಿಕೆ ಎಂದು ತಿಳಿಯುತ್ತದೆ. ಆ ಗುರುತಿನ ಇನ್ವೈಟ್ ಮರಳಿ ಬಂದಾಗಿದ್ದರೆ, ಆ ನಂತರ ಬರುವ 5xx (5ರಿಂದ ಶುರುವಾಗುವ) ಉತ್ತರಕ್ಕೆ ಡೀಫಾಲ್ಟ್ ಹ್ಯಾಂಡ್ಲಿಂಗ್ ಹಚ್ಚಬಾರದು. ನಿಮ್ಮ ಎಂಜಿನ್ ಇದನ್ನು ನೋಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಕರೆಯನ್ನು ಎರಡು ತುಂಡಾಗಿ ನಡೆಸುವ ಬಿ2ಬಿಯುಎ ಮಾದರಿಯ ಅಪ್ಲಿಕೇಶನ್ ಈ ಗುರುತನ್ನು ಕಳೆದುಬಿಟ್ಟರೆ ಇನ್ನೊಂದು ಅನಾಹುತ: ಎಸ್-ಸಿಎಸ್‌ಸಿಎಫ್ ಅದನ್ನು ಹೊಸ ಕರೆ ಎಂದು ಭಾವಿಸಿ ಸರದಿಯನ್ನು ಮೊದಲಿನಿಂದ ಶುರುಮಾಡುತ್ತದೆ, ಕರೆ ಅಲ್ಲಲ್ಲೇ ಗಿರಕಿ ಹೊಡೆಯುತ್ತದೆ.

503ಕ್ಕೆ ಅದರದ್ದೇ ಒಂದು ನಡವಳಿಕೆಯೂ ಇದೆ. ಜೊತೆಗೆ ರಿಟ್ರೈ-ಆಫ್ಟರ್ 30 ಎಂದಿದ್ದರೆ, ಆ ಸರ್ವರಿಗೆ 30 ಸೆಕೆಂಡು ಹೊಸ ಕರೆ ಕಳಿಸಬಾರದು, ಇನ್ನೊಂದು ಸರ್ವರ್ ಇದ್ದರೆ ಅಲ್ಲಿಗೆ ಹೋಗಬೇಕು. ರಿಟ್ರೈ-ಆಫ್ಟರ್ ಇಲ್ಲದಿದ್ದರೆ ಅದನ್ನು 500 ಎಂದೇ ಪರಿಗಣಿಸಬೇಕು. ಯಾವ ಕಾರಣಕ್ಕೂ ಅಪ್ಲಿಕೇಶನ್‌ನ 503ನ್ನು ಹಾಗೇ ಹಿಂದಕ್ಕೆ ದಾಟಿಸಬೇಡಿ. ಹಿಂದಿರುವ ನೋಡ್ ಅದನ್ನು ನೋಡಿ ಎಸ್-ಸಿಎಸ್‌ಸಿಎಫ್ಫೇ ಕೈಕೊಟ್ಟಿದೆ ಎಂದುಕೊಳ್ಳುತ್ತದೆ. ಒಂದು ಕಾಲರ್ ಟ್ಯೂನ್ ಸರ್ವರಿನ ಸುಸ್ತಿಗೆ ಇಡೀ ಎಸ್-ಸಿಎಸ್‌ಸಿಎಫ್‌ಗೆ ಕರೆಗಳು ನಿಲ್ಲುತ್ತವೆ. ಸಿಪ್‌ನ ಮೂಲ ಮಾನದಂಡವಾದ ಆರ್‌ಎಫ್‌ಸಿ 3261 ಕೂಡ ಪ್ರಾಕ್ಸಿಗಳು (ಸಂದೇಶ ದಾಟಿಸುವ ನಡುವಿನ ಸರ್ವರ್‌ಗಳು) ಇದನ್ನು 500 ಮಾಡಿ ಕಳಿಸಬೇಕೆಂದೇ ಹೇಳುತ್ತದೆ.

ಮೌನವನ್ನು ಅಳೆಯುವುದು

ಸಿಪ್‌ನಲ್ಲಿ ಟಿ1 ಎಂಬ ಮೂಲ ಅವಧಿ 500 ಮಿಲಿಸೆಕೆಂಡು. ಸಂದೇಶ ತಲುಪಿತೇ ಎಂದು ತಾನಾಗಿ ಖಾತ್ರಿ ಮಾಡದ ಯುಡಿಪಿ ಸಾಗಣೆಯ ಮೇಲೆ ಇನ್ವೈಟ್ ಹೊರಟ ಕ್ಷಣವನ್ನು 0 ಎಂದಿಟ್ಟುಕೊಳ್ಳಿ. ಉತ್ತರ ಬರದಿದ್ದರೆ 0.5, 1.5, 3.5, 7.5, 15.5, 31.5ನೇ ಸೆಕೆಂಡುಗಳಲ್ಲಿ ಅದೇ ಇನ್ವೈಟ್ ಮತ್ತೆ ಮತ್ತೆ ಹೊರಡುತ್ತದೆ. 32ನೇ ಸೆಕೆಂಡಿಗೆ, ಅಂದರೆ ಟಿ1ರ 64 ಪಟ್ಟಿಗೆ, ಉತ್ತರಕ್ಕೆ ಕಾಯುವ ಟೈಮರ್ ಬಿ ಮುಗಿಯುತ್ತದೆ. ಆಗ ತಾನೇ ಎಂಜಿನ್ನಿಗೆ ಅಪ್ಲಿಕೇಶನ್ ಸತ್ತಿದೆಯೆಂದು ಗೊತ್ತಾಗುವುದು. ಫೋನ್ ಕಿವಿಗಿಟ್ಟುಕೊಂಡವರು ಅಷ್ಟು ಹೊತ್ತು ನಿಶ್ಶಬ್ದ ಕೇಳುತ್ತಾ ನಿಲ್ಲುವುದಿಲ್ಲ. ಸರದಿಯಲ್ಲಿ ಎರಡು ಅಪ್ಲಿಕೇಶನ್ ಒಟ್ಟಿಗೆ ಸತ್ತಿದ್ದರೆ 64 ಸೆಕೆಂಡು. ಕರೆಯನ್ನು ಮುಂದುವರಿಸು ಎಂದು ಬರೆದಿದ್ದರೂ ಬಳಕೆದಾರರ ಪಾಲಿಗೆ ಆ ಕರೆ ಬಿದ್ದಂತೆಯೇ.

ಆದ್ದರಿಂದ ಅಪ್ಲಿಕೇಶನ್‌ಗಳ ಕಡೆಗೆ ಪ್ರತ್ಯೇಕ, ಚಿಕ್ಕ ಟೈಮರ್ ಬೇಕು. ಒಂದೇ ಡೇಟಾ ಸೆಂಟರಿನೊಳಗೆ 2 ಸೆಕೆಂಡು ಸಾಕು. ಸಂಖ್ಯೆ ಆರಿಸುವಾಗ ಮೇಲಿನ ಸರಣಿ ಎದುರಿಗಿರಲಿ. 1.5 ಸೆಕೆಂಡು ಇಟ್ಟರೆ ಮೂರನೆಯ ಇನ್ವೈಟ್ ಹೊರಟ ಕ್ಷಣವೇ ಬಾಗಿಲು ಮುಚ್ಚುತ್ತದೆ, ಅದನ್ನು ಕಳಿಸಿ ಏನೂ ಪ್ರಯೋಜನವಿಲ್ಲ. 2 ಸೆಕೆಂಡು ಇಟ್ಟರೆ ಅದಕ್ಕೆ ಉತ್ತರ ಬರಲು ಅರ್ಧ ಸೆಕೆಂಡು ಸಿಗುತ್ತದೆ.

ಐಎಂಎಸ್ ಇನ್ವೈಟ್‌ಗಳು ದಪ್ಪಗಿರುತ್ತವೆ ಎಂಬುದನ್ನೂ ಮರೆಯಬಾರದು. ದಾರಿಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಗೊತ್ತಿಲ್ಲದಿದ್ದಾಗ ಸಂದೇಶ 1300 ಬೈಟ್ ಮೀರಿದರೆ ಅದು ಯುಡಿಪಿ ಬಿಟ್ಟು, ಕಳೆದುಹೋದದ್ದನ್ನು ತಾನೇ ಮತ್ತೆ ಕಳಿಸುವ ಟಿಸಿಪಿ ಹಿಡಿಯಬೇಕು. ಟಿಸಿಪಿ ಮೇಲೆ ಸಿಪ್ ತಾನಾಗಿ ಇನ್ವೈಟನ್ನು ಮತ್ತೆ ಕಳಿಸುವುದಿಲ್ಲ. ಚಿಕ್ಕ ಇನ್ವೈಟಿನಿಂದ ಮಾಡಿದ ಪರೀಕ್ಷೆ ಪಾಸಾಗಿ, ನಿಜವಾದ ಕರೆ ಬೇರೆ ರೀತಿ ಬೀಳುವುದು ಇದೇ ಕಾರಣಕ್ಕೆ.

ಇನ್ನು ನಾವು ಕಂಡಂತೆ ಜನ ಅತಿ ಹೆಚ್ಚು ಎಡವುವ ಜಾಗ. ಅಪ್ಲಿಕೇಶನ್‌ನ ಎದುರಿಗೆ ಒಂದು ಲೋಡ್ ಬ್ಯಾಲೆನ್ಸರ್ (ಕರೆಗಳನ್ನು ಸರ್ವರ್‌ಗಳಿಗೆ ಹಂಚುವ ಸಾಧನ) ಇಲ್ಲವೇ ಸಿಪ್ ಸ್ಟ್ಯಾಕ್ (ಸಿಪ್ ಸಂದೇಶ ನಿಭಾಯಿಸುವ ತಂತ್ರಾಂಶ) ಇರುತ್ತದೆ. ಇನ್ವೈಟ್ ಬಂದ ತಕ್ಷಣ ಅದು 100 ಟ್ರೈಯಿಂಗ್ (ಪ್ರಯತ್ನಿಸುತ್ತಿದ್ದೇನೆ) ಎಂದು ಉತ್ತರಿಸಿಬಿಡುತ್ತದೆ. ಒಳಗೆ ಪ್ರೋಗ್ರಾಂ ಡೇಟಾಬೇಸ್ ಲಾಕಿಗೆ ಕಾಯುತ್ತಾ ಕೂತಿರಬಹುದು, ಅದು ಬೇರೆ ಮಾತು. 100 ಬಂದ ಕ್ಷಣ ಟೈಮರ್ ಬಿ ನಿಂತುಹೋಗುತ್ತದೆ, ನೀವು ಹಾಕಿದ 2 ಸೆಕೆಂಡಿನ ಟೈಮರ್ ಕೂಡ. ಉಳಿಯುವುದು ಪ್ರಾಕ್ಸಿಯ ಟೈಮರ್ ಸಿ, ಅದು ಮೂರು ನಿಮಿಷಕ್ಕಿಂತ ಜಾಸ್ತಿ. ಕರೆ ಆ ಮೂರು ನಿಮಿಷ ತ್ರಿಶಂಕು. ಅಲಾರ್ಮ್ ಇಲ್ಲ, ಎರರ್ ಇಲ್ಲ, ಲಾಗ್‌ನಲ್ಲಿ ಎಲ್ಲವೂ ಸರಿಯಿದೆ.

ಪರಿಹಾರ ಎರಡು ಕಡೆ ಬೇಕು. ಎಂಜಿನ್ನಿನಲ್ಲಿ ಎರಡನೆಯ ಟೈಮರ್: 100 ಬಂದ ಮೇಲೆ 4 ಸೆಕೆಂಡಿನೊಳಗೆ ಬೇರೆ ಏನಾದರೂ ಬರಬೇಕು, ಓಡಿಐ ಹೊತ್ತ ಇನ್ವೈಟ್ ಮರಳಿಯೋ, 180 (ರಿಂಗ್ ಆಗುತ್ತಿದೆ) ಅಥವಾ 183 (ಕರೆ ಮುಂದುವರಿಯುತ್ತಿದೆ) ಉತ್ತರವೋ, ಅಂತಿಮ ಉತ್ತರವೋ. ಬರದಿದ್ದರೆ ವೈಫಲ್ಯ. ಅಪ್ಲಿಕೇಶನ್‌ನಲ್ಲಿ ಅದಕ್ಕಿಂತ ಚಿಕ್ಕ ಕಾವಲು ಟೈಮರ್: 3 ಸೆಕೆಂಡಿನಲ್ಲಿ ತೀರ್ಮಾನ ಆಗದಿದ್ದರೆ ತಾನೇ 500 ಕೊಡಬೇಕು. ಇನ್ವೈಟ್ ಮರಳಿದ ಮೇಲೆ ಎರಡನೆಯ ಟೈಮರ್ ಕಡ್ಡಾಯವಾಗಿ ನಿಲ್ಲಬೇಕು, ಇಲ್ಲದಿದ್ದರೆ ಆ ಕಡೆ ಫೋನ್ ರಿಂಗ್ ಆಗುತ್ತಿರುವಾಗಲೇ ಈ ಕಡೆ ಕರೆ ಕಡಿದುಬೀಳುತ್ತದೆ.

ತಡವಾಗಿ ಬರುವ ಉತ್ತರಕ್ಕೂ ವ್ಯವಸ್ಥೆ ಬೇಕು. ಎಂಜಿನ್ ಸಾಕೆಂದು ಮುಂದಿನ ಅಪ್ಲಿಕೇಶನ್‌ಗೆ ಹೋದ ಮೇಲೆ ಹಳೆಯದು ಎಚ್ಚರಗೊಂಡು ಇನ್ವೈಟನ್ನು ಮರಳಿಸಿದರೆ? ಒಪ್ಪಿಕೊಂಡರೆ ಆ ಕಡೆಯ ಫೋನಿಗೆ ಒಂದೇ ಕರೆ ಎರಡು ಸಲ ಹೋಗುತ್ತದೆ, ಕಾಲ್ ವೇಟಿಂಗ್ ಸದ್ದು ಬರುತ್ತದೆ. ಕ್ಯಾನ್ಸಲ್ ಕಳಿಸಿ ತಡೆಯೋಣವೆಂದರೆ, 1xx ಉತ್ತರ ಒಂದಾದರೂ ಬರುವ ತನಕ ಕ್ಯಾನ್ಸಲ್ ಕಳಿಸುವ ಹಾಗಿಲ್ಲ ಎನ್ನುವುದು ಸಿಪ್ ನಿಯಮ. ಹಾಗಾಗಿ ಎಂಜಿನ್ ಕೈಬಿಟ್ಟ ಓಡಿಐಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಆ ಗುರುತಿನಲ್ಲಿ ಬರುವ ಇನ್ವೈಟನ್ನು ತಿರಸ್ಕರಿಸಬೇಕು. 40 ಸೆಕೆಂಡು ನೆನಪಿಟ್ಟುಕೊಂಡರೆ ಟೈಮರ್ ಬಿ ಅವಧಿ ಪೂರ್ತಿ ಒಳಗೆ ಬರುತ್ತದೆ.

ಹಣದ ಲೆಕ್ಕದ ಸರ್ವರ್

ಪ್ರೀಪೇಯ್ಡ್ ಅಪ್ಲಿಕೇಶನ್ ತಾನೇ ಹಣ ನೋಡುವುದಿಲ್ಲ, ಡಯಾಮೀಟರ್ ಎಂಬ ಪ್ರೋಟೊಕಾಲ್ ಮೂಲಕ ಓಸಿಎಸ್ ಅನ್ನು, ಅಂದರೆ ಖಾತೆಯ ಹಣ ನೋಡಿಕೊಳ್ಳುವ ಸರ್ವರನ್ನು, ಕೇಳುತ್ತದೆ. ಅಲ್ಲೂ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿದೆ. ಕ್ರೆಡಿಟ್ ಕಂಟ್ರೋಲ್ ಫೇಲ್ಯೂರ್ ಹ್ಯಾಂಡ್ಲಿಂಗ್ ಎಂಬ ಎವಿಪಿಗೆ (ಡಯಾಮೀಟರ್ ಸಂದೇಶದೊಳಗಿನ ಒಂದು ಕ್ಷೇತ್ರಕ್ಕೆ) ಮೂರು ಮೌಲ್ಯಗಳು: 0 ಅಂದರೆ ಉತ್ತರ ಬರದಿದ್ದರೆ ಮುಗಿಸು, 1 ಅಂದರೆ ಬದಲಿ ಸರ್ವರ್ ಪ್ರಯತ್ನಿಸು, ಅದೂ ಆಗದಿದ್ದರೆ ಸೇವೆ ಕೊಡು, 2 ಅಂದರೆ ಬದಲಿ ಸರ್ವರ್ ಪ್ರಯತ್ನಿಸು, ಆಗದಿದ್ದರೆ ಕೊಡಬೇಡ. ಎವಿಪಿ ಇಲ್ಲದಿದ್ದರೆ 0. ಐಎಫ್‌ಸಿಯಲ್ಲಿ ಬರೆಯದೆ ಬಿಟ್ಟರೆ ‘ಮುಂದುವರಿಸು’, ಡಯಾಮೀಟರಿನಲ್ಲಿ ಬರೆಯದೆ ಬಿಟ್ಟರೆ ‘ಮುಗಿಸು’. ಎರಡನ್ನೂ ಖಾಲಿ ಬಿಟ್ಟ ಜಾಲದಲ್ಲಿ ಓಸಿಎಸ್ ಬಿದ್ದರೆ ಕರೆ ನಿಲ್ಲುತ್ತದೆ, ಅಪ್ಲಿಕೇಶನ್ ಬಿದ್ದರೆ ಕರೆ ಪುಕ್ಕಟೆ. ಯಾರೂ ಕೂತು ಯೋಚಿಸಿ ತೆಗೆದುಕೊಂಡ ತೀರ್ಮಾನ ಇದಲ್ಲ.

ಓಸಿಎಸ್ ಉತ್ತರಕ್ಕೆ ಕಾಯುವ ಅಲ್ಲಿನ ಟಿಎಕ್ಸ್ ಟೈಮರಿಗೆ ಮಾನದಂಡ ಶಿಫಾರಸು ಮಾಡಿರುವುದು 10 ಸೆಕೆಂಡು. ಎಂಜಿನ್ 4 ಸೆಕೆಂಡಿಗೆ ಕೈಬಿಡುತ್ತಿದ್ದರೆ ಈ 10 ಸೆಕೆಂಡಿನ ತೀರ್ಮಾನ ಎಂದೂ ಜಾರಿಗೆ ಬರುವುದಿಲ್ಲ. ನೀವು ಕೂತು ಬರೆದ ಡಯಾಮೀಟರ್ ನೀತಿ ಪೂರ್ತಿ ವ್ಯರ್ಥ. ಒಳಗಿನ ಟೈಮರ್ ಹೊರಗಿನದಕ್ಕಿಂತ ಮೊದಲು ಮುಗಿಯಬೇಕು: ಓಸಿಎಸ್‌ಗೆ 1 ಸೆಕೆಂಡು, ಬದಲಿ ಓಸಿಎಸ್‌ಗೆ ಇನ್ನೊಂದು ಸೆಕೆಂಡು, ಅಪ್ಲಿಕೇಶನ್ ಕಾವಲು 3, ಎಂಜಿನ್ 4. ಬದಲಿ ಸರ್ವರಿಗೆ ಮತ್ತೆ ಕಳಿಸುವಾಗ ಸೆಷನ್ ಐಡಿಯನ್ನೂ ವಿನಂತಿ ಸಂಖ್ಯೆಯನ್ನೂ ಬದಲಿಸಬೇಡಿ, ಇದು ಮತ್ತೆ ಕಳಿಸಿದ್ದು ಎಂದು ತಿಳಿಸುವ ಟಿ ಫ್ಲಾಗ್ ಹಚ್ಚಿ. ಹೊಸ ಸೆಷನ್ ಐಡಿ ಕೊಟ್ಟರೆ ಚಂದಾದಾರರ ಹಣ ಎರಡು ಸಲ ಹಿಡಿದಿಟ್ಟಂತಾಗುತ್ತದೆ.

ಡಯಾಮೀಟರ್ ಕೋಡ್‌ಗಳನ್ನು ಮೊದಲ ಅಂಕಿ ನೋಡಿ ಗುಂಪು ಮಾಡಿಬಿಡುವುದು ಇನ್ನೊಂದು ತಪ್ಪು. 4012 ಅಂದರೆ ಹಣ ಮುಗಿದಿದೆ, ಅದು ತೀರ್ಮಾನ. ಪಕ್ಕದಲ್ಲೇ ಇರುವ 4011 ಅಂದರೆ ಈ ಸೇವೆಗೆ ಹಣದ ಲೆಕ್ಕ ಬೇಕಿಲ್ಲ, ಕೊಟ್ಟುಬಿಡು. ‘4ರಿಂದ ಶುರುವಾದದ್ದೆಲ್ಲ ನಿರಾಕರಣೆ’ ಎಂದು ಬರೆದ ನಿಯಮ ಉಚಿತ ಸಹಾಯವಾಣಿಯ ಕರೆಗಳನ್ನು ಕಡಿದುಹಾಕುತ್ತದೆ. 3002 ಮತ್ತು 3004 ತಲುಪಿಸಲಾಗದ, ಒತ್ತಡದ ಕೋಡ್‌ಗಳು, ಬದಲಿ ಸರ್ವರಿಗೆ ಹೋಗಬೇಕಾದವು. 5030 ಅಂದರೆ ಆ ಚಂದಾದಾರ ಓಸಿಎಸ್‌ನಲ್ಲೇ ಇಲ್ಲ. ಬದಲಿ ಸರ್ವರಿಗೆ ಕಳಿಸಿ ಉಪಯೋಗವಿಲ್ಲ, ಚಂದಾದಾರರನ್ನು ವ್ಯವಸ್ಥೆಗೆ ಸೇರಿಸುವ ಪ್ರೊವಿಶನಿಂಗ್ ವಿಭಾಗಕ್ಕೆ ತಿಳಿಸಬೇಕು.

ಮುಂದುವರಿಸುವುದೋ, ಮುಗಿಸುವುದೋ

ಮುಂದುವರಿಸುವುದೇ ಮೃದುವಾದ ದಾರಿ ಎಂಬ ನಂಬಿಕೆ ಬಲವಾಗಿದೆ. ಕಾಲರ್ ಟ್ಯೂನಿಗೆ ಅದು ನಿಜ. ಹಾಡಿನ ಬದಲು ಮಾಮೂಲಿ ರಿಂಗ್ ಕೇಳುತ್ತದೆ, ಅಷ್ಟೇ. ಕಚೇರಿಯ ಒಳನಂಬರ್ ಅನುವಾದಿಸುವ ಅಪ್ಲಿಕೇಶನ್ ಬಿದ್ದಾಗ ಮುಂದುವರಿಸಿದರೆ ಏನಾಗುತ್ತದೆ? 4521 ಎಂಬ ನಾಲ್ಕಂಕಿ ಹಾಗೇ ಮುಂದೆ ಹೋಗಿ 404 ಆಗುತ್ತದೆ. ಬಳಕೆದಾರರಿಗೆ ‘ಈ ನಂಬರ್ ಅಸ್ತಿತ್ವದಲ್ಲಿಲ್ಲ’ ಎಂಬ ಘೋಷಣೆ ಕೇಳುತ್ತದೆ, ಅದು ಸುಳ್ಳು. ಇಲ್ಲಿ ಮುಗಿಸಿ, ಸೇವೆ ಸದ್ಯಕ್ಕೆ ಸಿಗುತ್ತಿಲ್ಲ ಎಂದು ಹೇಳುವುದೇ ಸರಿ.

ನಂಬರ್ ಮರೆಮಾಡುವ ಸೇವೆಯಲ್ಲಿ ಇದು ಇನ್ನೂ ಗಂಭೀರ. ಶಾಶ್ವತವಾಗಿ ನಂಬರ್ ಮರೆಮಾಡಿಸಿಕೊಂಡವರಿಗೆ ಪ್ರೈವಸಿ ಹೆಡರ್ ಸೇರಿಸುವುದು ಕರೆ ಮಾಡುವ ಕಡೆಯ ಅಪ್ಲಿಕೇಶನ್. ಅದು ಬಿದ್ದಾಗ ಮುಂದುವರಿಸಿದರೆ ಕರೆ ಹೋಗುತ್ತದೆ, ನಂಬರ್ ಬಟಾಬಯಲು. ಅಂಥ ಸೇವೆ ತೆಗೆದುಕೊಂಡವರಿಗೆ ಅದಕ್ಕೆ ಕಾರಣವಿರುತ್ತದೆ. ಒಂದು ಕರೆ ಹೋಗದಿರುವುದಕ್ಕಿಂತ ಒಂದು ನಂಬರ್ ಬಯಲಾಗುವುದು ದೊಡ್ಡ ನಷ್ಟ. ಆ ಚಂದಾದಾರರಿಗೆ ಬೇರೆ ಐಎಫ್‌ಸಿ ಬರೆದು ಮೌಲ್ಯ 1 ಇಡಿ, ಉಳಿದವರಿಗೆ 0 ಇದ್ದರೂ ಚಿಂತೆಯಿಲ್ಲ.

ಮುಗಿಸುವುದರಲ್ಲೂ ಒಂದು ಹೊಂಡವಿದೆ, ನೋಂದಣಿಯಲ್ಲಿ. ಫೋನ್ ಜಾಲಕ್ಕೆ ಸೇರಿದಾಗ ಎಸ್-ಸಿಎಸ್‌ಸಿಎಫ್ ಆ ಸುದ್ದಿಯನ್ನು ಅಪ್ಲಿಕೇಶನ್‌ಗೂ ರಿಜಿಸ್ಟರ್ ಸಂದೇಶದಲ್ಲಿ ತಿಳಿಸುತ್ತದೆ, ಅದೂ ಐಎಫ್‌ಸಿ ಮೂಲಕವೇ. ಆ ನಿಯಮದಲ್ಲಿ ಮೌಲ್ಯ 1 ಇದ್ದು ಅಪ್ಲಿಕೇಶನ್ ಉತ್ತರಿಸದಿದ್ದರೆ, ಎಸ್-ಸಿಎಸ್‌ಸಿಎಫ್ ಚಂದಾದಾರರ ನೋಂದಣಿಯನ್ನೇ ರದ್ದುಮಾಡಬೇಕು. ಒಂದು ಅಪ್ಲಿಕೇಶನ್ ಬಿದ್ದಿತೆಂದು ಸಾವಿರಾರು ಫೋನ್‌ಗಳು ಜಾಲದಿಂದ ಹೊರಬಿದ್ದು, ಎಲ್ಲವೂ ಒಟ್ಟಿಗೆ ಮತ್ತೆ ನೋಂದಣಿಗೆ ಮುಗಿಬೀಳುತ್ತವೆ. ಇನ್ವೈಟ್ ನಿಯಮ ನಕಲು ಮಾಡಿ ರಿಜಿಸ್ಟರ್ ನಿಯಮ ಬರೆಯುವಾಗ ಈ ಮೌಲ್ಯ ಜೊತೆಗೇ ನಕಲಾಗುತ್ತದೆ. ಆ ಒಂದು ಸಾಲನ್ನು ಎರಡು ಸಲ ಓದಿ.

ತುರ್ತು ಕರೆಗಳ ಬಗ್ಗೆ ಕೇಳುವವರಿದ್ದಾರೆ. 112 ಕರೆ ಪಿ-ಸಿಎಸ್‌ಸಿಎಫ್‌ನಿಂದ (ಫೋನಿಗೆ ಐಎಂಎಸ್‌ನ ಮೊದಲ ಬಾಗಿಲು) ನೇರವಾಗಿ ತುರ್ತು ಕರೆಗಳಿಗೆಂದೇ ಇರುವ ಇ-ಸಿಎಸ್‌ಸಿಎಫ್‌ಗೆ ಹೋಗುತ್ತದೆ, ಈ ಸರದಿಗೆ ಬರುವುದಿಲ್ಲ. ಆದರೆ ಫೋನ್ ತುರ್ತು ಎಂದು ಗುರುತಿಸದ ಸ್ಥಳೀಯ ಸಹಾಯವಾಣಿ ನಂಬರ್‌ಗಳು ಮಾಮೂಲಿ ಕರೆಗಳಾಗಿ ಬರುತ್ತವೆ. ಅವಕ್ಕೆ ಪ್ರತ್ಯೇಕ ಷರತ್ತು ಬರೆದು ಯಾವ ಅಪ್ಲಿಕೇಶನ್ ಬಿದ್ದರೂ ಮುಂದುವರಿಸಿ.

ಕೊನೆಗೆ ಫೋನಿಗೆ ಯಾವ ಕೋಡ್ ಕಳಿಸುತ್ತೀರಿ ಎನ್ನುವುದೂ ಮುಖ್ಯ. 2ಜಿ ಇಲ್ಲವೇ 3ಜಿ ಜಾಲವೂ ಇರುವ ಕಂಪನಿಗಳಲ್ಲಿ ಅನೇಕ ಹ್ಯಾಂಡ್‌ಸೆಟ್‌ಗಳು 5xx ಕಂಡರೆ ಬಳಕೆದಾರರಿಗೆ ತಿಳಿಯದಂತೆ ಆ ಹಳೆಯ ಜಾಲದಲ್ಲಿ ಮತ್ತೊಮ್ಮೆ ಪ್ರಯತ್ನಿಸುತ್ತವೆ. ಹಾಗಾಗಿ ವೈಫಲ್ಯಕ್ಕೆ ಅದೇ ಕೋಡ್ ಅನುಕೂಲ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋದಂತೆ 2ಜಿ, 3ಜಿ ಇಲ್ಲದ ಜಾಲದಲ್ಲಿ ಆ ಎರಡನೆಯ ದಾರಿಯಿಲ್ಲ. ಅಲ್ಲಿ ಘೋಷಣೆಯೇ ಗತಿ. ಘೋಷಣೆಯನ್ನು 183ರ ಜೊತೆ ಕೇಳಿಸಿ, ಅದು ಮುಗಿದ ಮೇಲೆ ಅಂತಿಮ ಕೋಡ್ ಕೊಡಿ. 200 ಕೊಟ್ಟು ಘೋಷಣೆ ಕೇಳಿಸಿದರೆ ಕರೆ ಉತ್ತರಿಸಿದಂತೆ ಲೆಕ್ಕವಾಗಿ ಹಣ ಕಡಿತವಾಗುತ್ತದೆ. ಕರ್ನಾಟಕ ವೃತ್ತದ ಚಂದಾದಾರರಿಗೆ ಕನ್ನಡದ ಧ್ವನಿ ಕಡತ ಜೋಡಿಸಿದ್ದೀರಾ ಎಂಬುದನ್ನು ದೋಷದ ದಾರಿಯಲ್ಲೂ ನೋಡಿ. ಎಲ್ಲ ಸರಿಯಿದ್ದಾಗಿನ ಘೋಷಣೆಗಳು ಕನ್ನಡದಲ್ಲಿದ್ದು, ವೈಫಲ್ಯದ್ದು ಮಾತ್ರ ಇಂಗ್ಲಿಷಿನಲ್ಲಿ ಉಳಿಯುವುದು ಡೀಫಾಲ್ಟ್ ಕಡತವನ್ನು ಯಾರೂ ಮುಟ್ಟದಿರುವುದರಿಂದ.

ಬೀಳಿಸಿ ನೋಡುವುದು

‘ಮುಂದುವರಿಸು’ ಎಂದು ಬರೆದ ಅಪ್ಲಿಕೇಶನ್ ಬಿದ್ದರೆ ದೂರು ಬರುವುದಿಲ್ಲ. ಪುಕ್ಕಟೆ ಕರೆ ಸಿಕ್ಕವರು ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಅದಕ್ಕೆ ಪ್ರತಿ ಅಪ್ಲಿಕೇಶನ್‌ಗೂ ಡೀಫಾಲ್ಟ್ ಹ್ಯಾಂಡ್ಲಿಂಗ್ ಎಷ್ಟು ಸಲ ಜಾರಿಯಾಯಿತು ಎಂಬ ಕೌಂಟರ್ ಮತ್ತು ಅದಕ್ಕೊಂದು ಅಲಾರ್ಮ್ ಇರಲೇಬೇಕು. ಕೌಂಟರ್ ಇಲ್ಲದೆ ಮೌಲ್ಯ 0 ಇಡಬೇಡಿ.

ಪರೀಕ್ಷೆಗೆ ಸಿಪ್-ಪಿ ಎಂಬ ಮುಕ್ತ ಉಪಕರಣ ಸಾಕು. ನಕಲಿ ಅಪ್ಲಿಕೇಶನ್ ಒಂದನ್ನು ನಿಲ್ಲಿಸಿ ಐದು ಬಗೆಯಲ್ಲಿ ಕೆಡಿಸಿ: ಏನೂ ಉತ್ತರಿಸದಿರುವುದು, 100 ಕೊಟ್ಟು ಸುಮ್ಮನಾಗುವುದು, ರಿಟ್ರೈ-ಆಫ್ಟರ್ ಜೊತೆ 503 ಕೊಡುವುದು, ಟೈಮರ್ ಮುಗಿದ ಒಂದು ಸೆಕೆಂಡಿಗೆ ಇನ್ವೈಟ್ ಮರಳಿಸುವುದು, ಇನ್ವೈಟ್ ಮರಳಿಸಿದ ಮೇಲೆ 500 ಕೊಡುವುದು. ಮೊದಲನೆಯದನ್ನು ಎರಡು ರೀತಿ ಮಾಡಬೇಕು. ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗಿದರೆ ಟೈಮರ್ ಪೂರ್ತಿ ಓಡುತ್ತದೆ. ಪ್ರೋಗ್ರಾಂ ಮಾತ್ರ ನಿಲ್ಲಿಸಿ ಯಂತ್ರ ಬದುಕಿದ್ದರೆ, ಪೋರ್ಟ್ ತಲುಪಲಾಗದು ಎಂಬ ಐಸಿಎಂಪಿ ಸಂದೇಶ ತಕ್ಷಣ ಬರುತ್ತದೆ, ಎಂಜಿನ್ ಅದನ್ನು 503ರಂತೆ ಕಂಡು ಮರುಕ್ಷಣವೇ ಮುಂದೆ ಹೋಗಬೇಕು. ಎರಡನೆಯ ರೀತಿ ಮಾತ್ರ ಪರೀಕ್ಷಿಸಿದ ಜಾಲಗಳಲ್ಲಿ ಫೇಲ್‌ಓವರ್ (ಬಿದ್ದದ್ದನ್ನು ಬಿಟ್ಟು ಮುಂದೆ ಹೋಗುವುದು) ಚೆನ್ನಾಗಿಯೇ ಕಾಣುತ್ತದೆ, ಯಂತ್ರವೇ ಆರಿದ ದಿನ 32 ಸೆಕೆಂಡಿನ ನಿಶ್ಶಬ್ದ ಹೊರಬರುತ್ತದೆ. ಪ್ರತಿ ಪರೀಕ್ಷೆಯ ನಂತರ ಪ್ಯಾಕೆಟ್ ಕ್ಯಾಪ್ಚರ್ ತೆರೆದು ಮೂರು ನೋಡಿ: ಇನ್ವೈಟ್ ಎಷ್ಟು ಸಲ ಹೊರಟಿತು, ಮುಂದಿನ ಅಪ್ಲಿಕೇಶನ್‌ಗೆ ಎಷ್ಟನೇ ಸೆಕೆಂಡಿಗೆ ಹೋಯಿತು, ಆ ಕರೆಗೆ ಓಸಿಎಸ್‌ನಲ್ಲಿ ತೆರೆದ ಸೆಷನ್ ಮುಚ್ಚಿತೇ.